ಉಣಿಸುವ ಕೈ, ಉಣ್ಣುವ ಕೈ

ನಮ್ಮ ಯುವಜನರ ಬಳಗದ ಅಣ್ಣ ಒಬ್ಬರು ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಮೇಲೆ ಪ್ರತಿ ಭಾನುವಾರ ಪೂಜೆ ಮುಗಿಸಿ ನಾವು ಅವರನ್ನು ನೋಡಲು ಹೋಗುತ್ತಿದ್ದೆವು. ಬಲಗೈಗೆ ಶಕ್ತಿ ಇರಲಿಲ್ಲ, ಬೆರಳು ಅಲ್ಪಸ್ವಲ್ಪ ಆಡುತ್ತಿದ್ದವು. ಒಬ್ಬರು ಅನ್ನ ಕಲಸಿ ಉಣಿಸುವುದು, ಇನ್ನೊಬ್ಬರು ಅಂಗಿಯ ಗುಂಡಿ ಹಾಕುವುದು. ಸೇವೆ ಮಾಡಿದ ತೃಪ್ತಿಯಿಂದ ಹಿಂತಿರುಗುತ್ತಿದ್ದೆವು.

ಒಂದು ದಿನ ಫಿಸಿಯೋಥೆರಪಿಯವರು ತಮಿಳಿನಲ್ಲಿ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನಮ್ಮ ಪಾಲಿಗೆ ಬಂತು: "ಇನ್ನು ಯಾರೂ ಉಣಿಸಬೇಡಿ. ಬಲಗೈಯಲ್ಲೇ ತಿನ್ನಲಿ." ಅಮ್ಮ ಸಿಟ್ಟಾದರು. "ಮಗ ತಟ್ಟೆ ಮುಂದೆ ಒದ್ದಾಡೋದನ್ನ ನೋಡ್ತಾ ಕೂರಬೇಕಾ? ಕರುಣೆ ಇಲ್ವಾ ನಿಮಗೆ?"

ನಮ್ಮಲ್ಲಿ ಬಿ.ಎಸ್ಸಿ. ಓದಿದವರಿಗೂ ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆವು. ಪೆಟ್ಟಿಗೆ ಸತ್ತ ನರಕೋಶಗಳು ಮರಳಿ ಬರುವುದಿಲ್ಲ. ಉಳಿದವು ಹೊಸ ಸಂಪರ್ಕ ಬೆಳೆಸಿಕೊಂಡು ಅವುಗಳ ಕೆಲಸದ ಒಂದು ಪಾಲನ್ನು ಹೊರಬಲ್ಲವು, ಆದರೆ ಕೆಲಸ ಕೊಡಬೇಕು. ಅಮೆರಿಕದ ರಾಂಡಾಲ್ಫ್ ನ್ಯೂಡೋ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಮಂಗಗಳಲ್ಲಿ ತೋರಿಸಿದರು. ಮೆದುಳಿನಲ್ಲಿ ಕೈಯನ್ನು ಆಡಿಸುವ ಜಾಗದ ಒಂದು ಭಾಗ ಹಾಳಾದ ಮೇಲೆ, ಅಭ್ಯಾಸವಿಲ್ಲದಿದ್ದರೆ ಪಕ್ಕದ ಚೆನ್ನಾಗಿರುವ ಭಾಗವೂ ಕೈಯ ಕೆಲಸ ಬಿಟ್ಟುಬಿಡುತ್ತಿತ್ತು. ಸಣ್ಣ ಗುಳಿಯಿಂದ ತಿಂಡಿ ಹೆಕ್ಕುವ ಅಭ್ಯಾಸ ಮಾಡಿಸಿದಾಗ ಅದು ಉಳಿಯಿತು. ಕೆಲವೊಮ್ಮೆ ಮೊಣಕೈ, ಭುಜದ ಜಾಗಕ್ಕೂ ಹಬ್ಬಿತು. (ಆ ಮಂಗಗಳ ಮೆದುಳನ್ನು ಹಾಳು ಮಾಡಿದ್ದು ಮನುಷ್ಯರೇ. ಅದನ್ನು ಮರೆತು ಈ ವಿದ್ಯೆಯನ್ನು ಹೊಗಳಲು ನಮಗೆ ಮನಸ್ಸು ಬರುವುದಿಲ್ಲ.)

ಎಡ್ವರ್ಡ್ ಟಾಬ್ ಎಂಬವರು ರೂಪಿಸಿದ ಚಿಕಿತ್ಸೆಯಲ್ಲಿ ಚೆನ್ನಾಗಿರುವ ಕೈಗೇ ಗವಸು ತೊಡಿಸಿ, ಎರಡು ವಾರ ಸೋತ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. ಮತ್ತೆ ಮತ್ತೆ ವಿಫಲನಾದವನು ಆ ಕೈಯನ್ನು ಬಳಸದಿರುವುದನ್ನೇ ಕಲಿತುಬಿಡುತ್ತಾನೆ ಎಂಬುದು ಅವರ ವಿವರಣೆ. ಪಾರ್ಶ್ವವಾಯು ಆದ 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ತಲೆಗೆ ಪೆಟ್ಟಾದವರಿಗೂ ಇದನ್ನು ಬಳಸುತ್ತಾರೆ.

ಹಾಗಾದರೆ ನಾವು ಉಣಿಸಿದ ತುತ್ತು? ಪ್ರೀತಿ ಸುಳ್ಳಾಗಿರಲಿಲ್ಲ. ಆದರೆ ಅವರ ಪರದಾಟ ನೋಡಲಾಗದೆ ನಮ್ಮ ಸಂಕಟವನ್ನು ಬೇಗ ಮುಗಿಸಿಕೊಳ್ಳುತ್ತಿದ್ದೆವು ಎಂದೂ ಒಪ್ಪಬೇಕು. ಬತ್ತಿದ ಕೈಯವನಿಗೆ ಪ್ರಭು ಕೈ ಚಾಚಲು ಹೇಳಿದರು, ತಾವೇ ಹಿಡಿದು ಎತ್ತಲಿಲ್ಲ.

ಅಮ್ಮನ ಪ್ರಶ್ನೆಯೂ ತಪ್ಪಲ್ಲ. ಬೆರಳೇ ಆಡದವರಿಗೆ ಗವಸಿನ ವಿಧಾನ ಹೊಂದುವುದಿಲ್ಲ. ಎಷ್ಟು ಕಷ್ಟಪಟ್ಟರೂ ಕೈ ಮರಳದವರಿದ್ದಾರೆ. ಅವರಿಗೆ "ಮನಸ್ಸು ಮಾಡಿದರೆ ಆಗುತ್ತೆ" ಅನ್ನುವುದು ಕ್ರೌರ್ಯ. ನಮ್ಮ ಬಾಯಿಂದಲೂ ಆ ಮಾತು ಬಂದಿದೆ. ಎಲ್ಲಿ ನೆರವಾಗಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಆ ಅಣ್ಣನನ್ನೇ ಕೇಳಬಹುದಿತ್ತು. ಅಷ್ಟು ದಿನ ಯಾರೂ ಕೇಳಿರಲಿಲ್ಲ.

ಕೇಳಿದೆವು. "ಊಟ ನಾನೇ ಮಾಡ್ತೀನಿ, ಚೆಲ್ಲಿದ್ರೆ ನಗಬೇಡಿ. ಗುಂಡಿ ಮಾತ್ರ ಪೂಜೆಗೆ ಹೊತ್ತಾದ್ರೆ ನೀವೇ ಹಾಕಿ" ಅಂದರು. ಕಳೆದ ಭಾನುವಾರ ಅವರನ್ನು ದೇವಾಲಯಕ್ಕೆ ಕರೆದೊಯ್ಯಲು ಹೋದಾಗ ಎರಡು ಗುಂಡಿ ತಾವೇ ಹಾಕಿಕೊಂಡರು. ಅಷ್ಟರಲ್ಲಿ ಎರಡನೇ ಗಂಟೆ ಹೊಡೆಯಿತು. ಉಳಿದ ಮೂರನ್ನು ಅಮ್ಮ ಹಾಕಿದರು.