ಕಳೆದ ಕಷ್ಟದ ಮೋಹ

ನಿವೃತ್ತರಾದ ನಾವು ನಾಲ್ಕು ಮಂದಿ ಗೆಳೆಯರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ನಾವು ಗಣಕಯಂತ್ರದೊಡನೆ ಅದರ ಭಾಷೆಯಲ್ಲೇ ವ್ಯವಹರಿಸಿದವರು, ಈಗಿನ ಹುಡುಗರಿಗೆ ಆ ಕಷ್ಟ ಏನು ಗೊತ್ತು?" ಹೀಗೆ ಹೇಳುವವರಲ್ಲಿ ನಾನೂ ಒಬ್ಬ. ಈ ಹಂಬಲದಲ್ಲಿ ಸತ್ವವೆಷ್ಟು, ಅಹಂಕಾರವೆಷ್ಟು?

1959ರಲ್ಲಿ ಐ.ಬಿ.ಎಂ. ಪ್ರಕಟಿಸಿದ 1401 ಯಂತ್ರ ಮುಂದಿನ ದಶಕದಲ್ಲಿ ಮುಂಬಯಿಗೂ ಬಂತು. ಅದರ ನೆನಪಿನಲ್ಲಿ ಹಿಡಿಯುತ್ತಿದ್ದುದು 1,400ರಿಂದ 16,000 ಅಕ್ಷರಗಳು ಮಾತ್ರ. ಕೂಡಲು 'ಎ', ಕಳೆಯಲು 'ಎಸ್'; ಅದರ ಮುಂದೆ ಅಂಕೆಗಳಿರುವ ಮನೆಯ ವಿಳಾಸ. ಓದಿಸಿದ ಕಾರ್ಡಿನ 80 ಅಕ್ಷರಗಳು 1ರಿಂದ 80ರವರೆಗಿನ ಮನೆಗಳಲ್ಲಿ ಬಂದು ಕೂರುತ್ತಿದ್ದವು. ಸುಲಭದ ಸಂಕೇತಭಾಷೆಗಳು ಇದ್ದವು, ನಿಜ. ಆದರೆ ಸಣ್ಣ ತಿದ್ದುಪಡಿಗಾಗಿ ಇಡೀ ಪ್ರೋಗ್ರಾಮನ್ನು ಮತ್ತೆ ಯಂತ್ರಭಾಷೆಗೆ ಇಳಿಸುವ ಬದಲು, ನೇರವಾಗಿ ಯಂತ್ರಭಾಷೆಯಲ್ಲೇ ಒಂದು ಕಾರ್ಡಿಗೆ ರಂಧ್ರ ಹೊಡೆದು ಸೇರಿಸಿಬಿಡುತ್ತಿದ್ದೆವು.

ಹಾಗೆ ಸೇರಿಸಿದ ಒಂದು ಕಾರ್ಡಿನಲ್ಲಿ, ಸಂಖ್ಯೆಯ ಎಡಗಡಿಯನ್ನು ತೋರಿಸುವ ಗುರುತನ್ನು ನಾನು ಮರೆತೆ. ಯಂತ್ರ ಪಕ್ಕದ ಮನೆಯ ಅಂಕೆಯನ್ನೂ ಎಳೆದುಕೊಂಡಿತು. ಸಂಬಳದ ಪಟ್ಟಿಯಲ್ಲಿ ಒಬ್ಬ ಜವಾನನಿಗೆ 15 ರೂಪಾಯಿ ಕಡಿತವಾಗುವಲ್ಲಿ 215 ಎಂದು ಅಚ್ಚಾಯಿತು. ಅದನ್ನು ಹಿಡಿದವರು, ಇಪ್ಪತ್ತು ವರ್ಷ ಆ ಪಟ್ಟಿಯನ್ನು ಕೈಯಲ್ಲೇ ಬರೆದಿದ್ದ, ನಮ್ಮ ದಕ್ಷಿಣ ಕನ್ನಡದವರೇ ಆದ ಹಿರಿಯ ಗುಮಾಸ್ತರು. "ಇದೆಂಥದು ಮಾರಾಯ? ಈ ತಿಂಗಳು ಅವನ ಮನೆಯಲ್ಲಿ ಒಲೆ ಹಚ್ಚುವುದು ಬೇಡವಾ?" ಎಂದರು. ಯಂತ್ರದ ಮೇಲೆ ಹಾಕಲು ನನಗೆ ದಾರಿಯಿರಲಿಲ್ಲ. ತಪ್ಪು ಎಷ್ಟನೆಯ ಮನೆಯಲ್ಲಿದೆಯೆಂದು ನನಗೆ ಗೊತ್ತಿತ್ತು. ಅದನ್ನು ಅಲ್ಲಿಟ್ಟವನು ನಾನೇ.

ಅದೇ ಗುಮಾಸ್ತರು ತಮ್ಮ ಲೆಡ್ಜರು, ದುಂಡಕ್ಷರಗಳ ಕಾಲವನ್ನು ನೆನೆದು ನಿಟ್ಟುಸಿರಿಟ್ಟಾಗ ನಾವು ಹುಡುಗರು ನಗುತ್ತಿದ್ದೆವು. ಇಂದು ನಿಟ್ಟುಸಿರಿನ ಸರದಿ ನಮ್ಮದು. ಆದ್ದರಿಂದ ಕಷ್ಟವೇ ಶ್ರೇಷ್ಠವೆಂದು ವಾದಿಸುವ ಧೈರ್ಯ ನನಗಿಲ್ಲ. ಕೈಯಲ್ಲಿ ವಿಳಾಸ ಎಣಿಸುವ ದುಡಿಮೆ ತಪ್ಪಿದ್ದು ಒಳ್ಳೆಯದೇ. ನಾವು ಹಂಬಲಿಸುವುದರಲ್ಲಿ ಅರ್ಧಪಾಲು ನಮ್ಮ ಯೌವನ.

ಉಳಿದರ್ಧವನ್ನು ಮಾತ್ರ ಬಿಟ್ಟುಕೊಡಲಾರೆ. ಇಂದು ಪದರದ ಮೇಲೆ ಪದರ. ಪೂರ್ತಿ ಬಲ್ಲವರು ಯಾರೂ ಇಲ್ಲ. ಪಿಂಚಣಿ ನಿಂತುಹೋದ ಮುದುಕಿಗೆ ಕೌಂಟರಿನಲ್ಲಿ ಸಿಗುವ ಉತ್ತರ, "ಸಿಸ್ಟಂನಲ್ಲಿ ಹಾಗೆ ಬರುತ್ತಿದೆ, ಅಮ್ಮ." ಯಂತ್ರಭಾಷೆ ಮರೆತುಹೋಗಲಿ, "ತಪ್ಪು ನನ್ನದು, ಸರಿಪಡಿಸುತ್ತೇನೆ" ಎನ್ನುವ ಮನುಷ್ಯಭಾಷೆ ಮರೆಯಬಾರದು. ಅದನ್ನು ನನಗೆ ಕಲಿಸಿದ್ದು ಯಂತ್ರವೋ ಆ ಗುಮಾಸ್ತರೋ ಎಂದು ಕೇಳಿದರೆ, ಗುಮಾಸ್ತರೇ ಎನ್ನಬೇಕು.