ಆಂಗ್ಸ್ಟ್: ಇಕ್ಕಟ್ಟು ಮತ್ತು ಬಯಲು

ಇಂಥದ್ದೇ ಕಾರಣವೆಂದು ಬೆರಳು ಮಾಡಿ ತೋರಿಸಲಾಗದ ತಳಮಳಕ್ಕೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಪದ ‘ಆಂಗ್ಸ್ಟ್’. ಹಾವನ್ನು ಕಂಡಾಗ ಹುಟ್ಟುವುದು ಭಯ. ಫಲಿತಾಂಶಕ್ಕೆ ಕಾಯುವಾಗ ಕಾಡುವುದು ಆತಂಕ. ಎದುರಿಗೆ ಹಾವೂ ಇಲ್ಲದೆ, ಕಾಯಬೇಕಾದ ಸುದ್ದಿಯೂ ಇಲ್ಲದೆ, ಬದುಕಿರುವುದರಿಂದಲೇ ಏಳುವ ಅಳುಕು ಆಂಗ್ಸ್ಟ್. ಇಂಗ್ಲಿಷ್ ಇದನ್ನು ಜರ್ಮನ್ ಭಾಷೆಯಿಂದ ಎರವಲು ಪಡೆಯಿತು. ಅದಕ್ಕೆ ತಾತ್ವಿಕ ತೂಕ ಬಂದದ್ದು ಡೇನಿಷ್ ಚಿಂತನೆಯಿಂದ. ಪದದ ಜೊತೆಗೆ ಒಂದು ಧಾರ್ಮಿಕ ಪ್ರಶ್ನೆಯೂ ಬಂತು: ಈ ತಳಮಳ ವಾಸಿಯಾಗಬೇಕಾದ ಕಾಯಿಲೆಯೋ, ಮನುಷ್ಯನ ಇರವಿನ ಲಕ್ಷಣವೋ?

ಪದದ ಕಾಗುಣಿತ ಚಿಕ್ಕದು. ಎ, ಎನ್, ಜಿ, ಎಸ್, ಟಿ ಎಂಬ ಐದು ಅಕ್ಷರಗಳು, ಸ್ವರ ಒಂದೇ. ಜರ್ಮನ್ ಉಚ್ಚಾರದಲ್ಲಿ ಆ ಸ್ವರ ಹ್ರಸ್ವ ‘ಅ’. ಎನ್ ಮತ್ತು ಜಿ ಕೂಡಿ ಕನ್ನಡದ ಙಕಾರದ ಧ್ವನಿ ಕೊಡುತ್ತವೆ, ಗಕಾರ ಬೇರೆಯಾಗಿ ಕೇಳಿಸುವುದಿಲ್ಲ. ಇಂಗ್ಲಿಷ್ ಮಾತಾಡುವ ಹಲವರು ಮೊದಲ ಸ್ವರವನ್ನು ‘ಆ್ಯ’ ಎಂದು ಹೊರಡಿಸುತ್ತಾರೆ. ಜರ್ಮನ್‌ನಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಆರಂಭವಾಗುವುದರಿಂದ ಅಲ್ಲಿ ಈ ಪದಕ್ಕೂ ದೊಡ್ಡ ಎ. ಡೇನಿಷ್‌ನಲ್ಲಿಯೂ 1948ರ ಕಾಗುಣಿತ ಸುಧಾರಣೆಯವರೆಗೆ ಇದೇ ಪದ್ಧತಿಯಿತ್ತು. ಜೊತೆಗೆ ಹತ್ತೊಂಬತ್ತನೆಯ ಶತಮಾನದ ಡೇನಿಷ್ ಬರಹದಲ್ಲಿ ಪದದ ನಡುವೆ ಇನ್ನೊಂದು ಸ್ವರ ಸೇರಿ ‘ಆಂಗೆಸ್ಟ್’ ಎಂಬ ರೂಪವಿತ್ತು. ಇಂಗ್ಲಿಷ್ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ 1849ರಲ್ಲಿಯೇ ‘ಆಂಗ್ಸ್ಟ್’ ಪದವನ್ನು ಬಳಸಿದ್ದರು, ಆದರೆ ಜರ್ಮನ್ ಪದವಾಗಿಯೇ. ಇಪ್ಪತ್ತನೆಯ ಶತಮಾನದಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಮತ್ತು ಡೇನಿಷ್ ಚಿಂತಕ ಕೀರ್ಕೆಗಾರ್ ಅವರ ಬರಹಗಳು ಇಂಗ್ಲಿಷಿಗೆ ಬಂದ ಮೇಲೆ ಅದು ಅಲ್ಲಿ ಬೇರೂರಿ, ಸಣ್ಣಕ್ಷರಕ್ಕೆ ಇಳಿಯಿತು.

ಪದದ ಬೇರು ಇಂಡೋ-ಯುರೋಪಿಯನ್ ಮೂಲಭಾಷೆಯ ‘ಅಂಘ್’ ಎಂಬ ಧಾತುವಿನಲ್ಲಿದೆ ಎಂದು ಭಾಷಾಶಾಸ್ತ್ರಜ್ಞರು ಪುನಾರಚಿಸಿದ್ದಾರೆ. ಅದರ ಅರ್ಥ ಇರುಕು, ಬಿಗಿತ. ಇಕ್ಕಟ್ಟಾದ ಎಂಬರ್ಥದ ಲ್ಯಾಟಿನ್ ‘ಅಂಗುಸ್ತುಸ್’, ವ್ಯಾಕುಲ ಎಂಬರ್ಥದ ‘ಆಂಕ್ಸಿಯುಸ್’ ಇದರ ಕುಡಿಗಳು. ಇಂಗ್ಲಿಷಿನ ಆ್ಯಂಗ್ಸೈಟಿ, ಆ್ಯಂಗ್ವಿಷ್, ಆ್ಯಂಗರ್ ಕೂಡ ಇದೇ ಕುಲದವು. ಸಂಸ್ಕೃತದ ‘ಅಂಹಸ್’ ಸಹ ಇದೇ ಬೇರಿನದು. ಋಗ್ವೇದದಲ್ಲಿ ಅಂಹಸ್ ಎಂದರೆ ಇಕ್ಕಟ್ಟು, ಸಂಕಷ್ಟ. ಮುಂದೆ ಅದಕ್ಕೆ ಪಾಪವೆಂಬ ಅರ್ಥವೂ ಕೂಡಿಕೊಂಡಿತು. ಅಂಹಸ್ಸಿನಿಂದ ಬಿಡಿಸು ಎಂದು ಋಷಿಗಳು ದೇವತೆಗಳನ್ನು ಮತ್ತೆ ಮತ್ತೆ ಬೇಡುತ್ತಾರೆ. ಅದಕ್ಕೆ ಎದುರಾದ ಪದ ‘ಉರು’, ಅಂದರೆ ವಿಶಾಲ. ಇಕ್ಕಟ್ಟಿನಿಂದ ಬಯಲಿಗೆ ಬರುವುದೇ ಅಲ್ಲಿ ಬಿಡುಗಡೆ.

ಉಸಿರು ಕಟ್ಟಿ ಎದೆ ಬಿಗಿಯುವ ಅನುಭವವೇ ಈ ಅರ್ಥವಿಸ್ತಾರಕ್ಕೆ ಆಧಾರ. ಸಂಬಂಧವಿಲ್ಲದ ಪದಗಳಲ್ಲೂ ಇಂಥದೇ ವಿಸ್ತಾರ ಕಾಣುತ್ತದೆ: ಸಂಸ್ಕೃತದ ‘ಸಂಕಟ’ ಮೊದಲಿಗೆ ಕಿರಿದಾದ ದಾರಿಯನ್ನು ಸೂಚಿಸುತ್ತಿತ್ತು, ಕನ್ನಡದ ‘ಇಕ್ಕಟ್ಟು’ ಜಾಗಕ್ಕೂ ಸಲ್ಲುತ್ತದೆ, ಮನಃಸ್ಥಿತಿಗೂ ಸಲ್ಲುತ್ತದೆ. ಯೋಹಾನನ ಸುವಾರ್ತೆಯ ಹದಿನಾರನೆಯ ಅಧ್ಯಾಯದಲ್ಲಿ, ಲೋಕದಲ್ಲಿ ಶಿಷ್ಯರಿಗೆ ಒದಗುವ ಬಾಧೆಯನ್ನು ಹೇಳುವ ಗ್ರೀಕ್ ಪದದ ಮೂಲಾರ್ಥ ಒತ್ತಡ. ಮಾರ್ಟಿನ್ ಲೂಥರ್ ಅದನ್ನು ಜರ್ಮನ್‌ಗೆ ತಂದದ್ದು ‘ಆಂಗ್ಸ್ಟ್’ ಎಂದೇ. ಇಂದಿನ ಜರ್ಮನ್ನರಿಗಾದರೋ ಇದು ದಿನಬಳಕೆಯ ಮಾತು. ನಾಯಿಗೆ ಹೆದರುವುದೂ ಅವರಿಗೆ ಆಂಗ್ಸ್ಟ್.

ಭಯಕ್ಕೂ ಆಂಗ್ಸ್ಟ್‌ಗೂ ಗೆರೆ ಎಳೆದು ಇದನ್ನು ತತ್ತ್ವಶಾಸ್ತ್ರದ ಪರಿಭಾಷೆಯಾಗಿಸಿದವರು ಕೋಪನ್‌ಹೇಗನ್‌ನ ಸೋರೆನ್ ಕೀರ್ಕೆಗಾರ್ (1813–1855). ಆಂಗ್ಸ್ಟ್‌ನ ಪರಿಕಲ್ಪನೆಯನ್ನು ಕುರಿತ ಅವರ ಪುಸ್ತಕ ಗುಪ್ತನಾಮದಲ್ಲಿ 1844ರಲ್ಲಿ ಪ್ರಕಟವಾಯಿತು. ಅದರ ಹೂರಣ ಕ್ರೈಸ್ತ ಧರ್ಮದ ಆದಿಪಾಪದ ಪ್ರಶ್ನೆ: ಒಳಿತು ಕೆಡುಕುಗಳ ಅರಿವೇ ಇಲ್ಲದ ಆದಾಮ ಪಾಪ ಮಾಡಿದ್ದು ಹೇಗೆ? ಹಣ್ಣು ತಿನ್ನಬೇಡ ಎಂಬ ಆಜ್ಞೆ ಅವನಲ್ಲಿ ಆಸೆಯನ್ನು ಹುಟ್ಟಿಸಿತು ಎಂಬುದು ರೂಢಿಯ ವಿವರಣೆ. ಕೀರ್ಕೆಗಾರ್ ಇದನ್ನು ಒಪ್ಪುವುದಿಲ್ಲ. ಆಜ್ಞೆಯ ಅರ್ಥವೇ ತಿಳಿಯದವನಿಗೆ ಆಸೆ ಹುಟ್ಟುವಂತಿಲ್ಲ. ಅವನೊಳಗೆ ಎಚ್ಚೆತ್ತದ್ದು ‘ನನ್ನಿಂದ ಆಗುತ್ತದೆ’ ಎಂಬ ಬರಿಯ ಸಾಧ್ಯತೆ. ಏನು ಆಗುತ್ತದೆ ಎಂಬುದು ಗೊತ್ತಿಲ್ಲ. ಆಗುತ್ತದೆ ಎಂಬುದಷ್ಟೇ ಗೊತ್ತು. ಸೆಳೆತವೂ ಹಿಂಜರಿಕೆಯೂ ಒಂದೇ ಆಗಿರುವ ಈ ಸ್ಥಿತಿಯೇ ಆಂಗ್ಸ್ಟ್.

ಪದದ ಹಳೆಯ ಅರ್ಥ ಇಲ್ಲಿ ತಲೆಕೆಳಗಾಗುತ್ತದೆ. ವೇದದ ಋಷಿಗೆ ತಳಮಳ ಹುಟ್ಟುವುದು ಜಾಗ ಸಾಲದೆ. ಕೀರ್ಕೆಗಾರ್ ಅವರ ಮನುಷ್ಯನಿಗೆ ಅದು ಹುಟ್ಟುವುದು ಜಾಗ ಹೆಚ್ಚಾಗಿ. ಪ್ರಪಾತದ ಅಂಚಿನಲ್ಲಿ ಕೆಳಗೆ ನೋಡಿದವನಿಗೆ ಬರುವ ತಲೆಸುತ್ತಿಗೆ ಅವರು ಆಂಗ್ಸ್ಟನ್ನು ಹೋಲಿಸಿದರು. ತಲೆ ತಿರುಗುವುದಕ್ಕೆ ಪ್ರಪಾತ ಎಷ್ಟು ಕಾರಣವೋ, ನೋಡುವ ಕಣ್ಣೂ ಅಷ್ಟೇ ಕಾರಣ. ಸ್ವಾತಂತ್ರ್ಯ ತನ್ನ ಆಳವನ್ನು ತಾನೇ ಇಣುಕಿದಾಗ ಹೀಗಾಗುತ್ತದೆ. ಆದ್ದರಿಂದ ಅವರ ದೃಷ್ಟಿಯಲ್ಲಿ ಆಂಗ್ಸ್ಟ್ ದೋಷವಲ್ಲ, ಪಾಠಶಾಲೆ. ನಡುಗುವುದನ್ನು ಕಲಿಯಲು ಮನೆಬಿಟ್ಟು ಹೊರಟ ಹುಡುಗನ ಗ್ರಿಮ್ ಸಹೋದರರ ಕಥೆಯನ್ನು ನೆನೆದು, ಈ ಕಲಿಕೆ ಪ್ರತಿಯೊಬ್ಬರಿಗೂ ಬೇಕು ಎನ್ನುತ್ತಾರೆ. ಸಾಧ್ಯತೆಯ ಭಾರವನ್ನು ಪೂರ್ತಿ ಹೊತ್ತವನು ಮಾತ್ರ ಕೊನೆಗೆ ಶ್ರದ್ಧೆಯಲ್ಲಿ ನೆಲೆ ಕಾಣುತ್ತಾನೆ.

ಮುಂದಿನ ಶತಮಾನದಲ್ಲಿ ಈ ವಿಚಾರ ಹಲವು ಕವಲಾಯಿತು. ಫ್ರಾಯ್ಡ್ 1916–17ರ ಉಪನ್ಯಾಸಗಳಲ್ಲಿ ಪದದ ‘ಇಕ್ಕಟ್ಟು’ ಎಂಬ ಮೂಲಾರ್ಥವನ್ನು ನೆನಪಿಸಿ, ಹುಟ್ಟುವ ಗಳಿಗೆಯ ಉಸಿರುಗಟ್ಟುವಿಕೆಗೆ ಅದನ್ನು ಜೋಡಿಸಿದರು. ಜರ್ಮನ್ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರ್ 1927ರ ‘ಇರವು ಮತ್ತು ಕಾಲ’ ಗ್ರಂಥದಲ್ಲಿ, ಆಂಗ್ಸ್ಟ್ ಆವರಿಸಿದಾಗ ದಿನನಿತ್ಯದ ವಸ್ತುಗಳು ಅರ್ಥ ಕಳಚಿಕೊಂಡು, ಪರಿಚಿತ ಲೋಕದಲ್ಲೇ ಮನುಷ್ಯ ನೆಲೆತಪ್ಪಿದವನಾಗುತ್ತಾನೆ ಎಂದರು. ತನ್ನ ಬದುಕು ತನ್ನದೇ ಹೊಣೆ ಎಂಬುದು ಅವನಿಗೆ ತಿಳಿಯುವುದು ಆಗಲೇ. ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ 1943ರಲ್ಲಿ ಪ್ರಪಾತದ ನಿದರ್ಶನವನ್ನೇ ಹರಿತಗೊಳಿಸಿದರು: ಬಿದ್ದೇನು ಎಂಬುದು ಭಯ, ನಾನೇ ಹಾರಿಬಿಟ್ಟೇನು ಎಂಬುದು ಆಂಗ್ಸ್ಟ್. ಅವರಲ್ಲಿ ಶ್ರದ್ಧೆಗೆ ಎಡೆಯಿಲ್ಲ. ಆಯ್ಕೆಯ ಹೊಣೆಯಷ್ಟೇ ಉಳಿಯುತ್ತದೆ.

ಭಾರತೀಯ ಚಿಂತನೆಯಲ್ಲಿ ಈ ಪ್ರಶ್ನೆಗೆ ಹತ್ತಿರದ ಪ್ರಸಂಗ ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿದೆ. ಸೃಷ್ಟಿಯ ಆದಿಯಲ್ಲಿ ಒಬ್ಬನೇ ಇದ್ದ ಪುರುಷ ಹೆದರುತ್ತಾನೆ. ತನ್ನ ಹೊರತು ಬೇರೆ ಯಾರೂ ಇಲ್ಲದಿರುವಾಗ ಹೆದರುವುದು ಯಾರಿಗೆ ಎಂದು ವಿಚಾರಿಸಿದಾಗ ಅವನ ಹೆದರಿಕೆ ಕಳೆಯುತ್ತದೆ. ಭಯಕ್ಕೆ ಎರಡನೆಯದೊಂದು ಬೇಕು ಎಂಬುದು ಉಪನಿಷತ್ತಿನ ತೀರ್ಮಾನ. ವಿಷಯವಿಲ್ಲದ ಹೆದರಿಕೆಯನ್ನು ಎರಡೂ ಪರಂಪರೆಗಳು ಗುರುತಿಸಿವೆ, ಆದರೆ ದಾರಿಗಳು ಬೇರೆ. ವಿಷಯವಿಲ್ಲವೆಂಬ ಅರಿವೇ ಉಪನಿಷತ್ತಿನಲ್ಲಿ ಹೆದರಿಕೆಯನ್ನು ಕರಗಿಸುತ್ತದೆ. ಕೀರ್ಕೆಗಾರ್ ಅವರಿಗೆ ಅದೇ ಅರಿವು ತಳಮಳದ ಆರಂಭ. ಅದ್ವೈತಿಗೆ ಬಿಡುಗಡೆ ಎಂದರೆ ಎರಡಿಲ್ಲದಿರುವುದು. ಕೀರ್ಕೆಗಾರ್ ಅವರ ಕ್ರೈಸ್ತನಿಗೆ ದೇವರ ಎದುರು ಒಂಟಿಯಾಗಿ ನಿಲ್ಲುವುದು.

ಇಂದಿನ ಇಂಗ್ಲಿಷಿನಲ್ಲಿ ಪದದ ಅರ್ಥ ತೆಳುವಾಗಿದೆ. ಹದಿಹರೆಯದವರ ಮುನಿಸು, ಬೇಸರಗಳಿಗೂ ಅದನ್ನು ಅಂಟಿಸಲಾಗುತ್ತದೆ. ಇನ್ನೊಂದೆಡೆ ಎಲ್ಲ ತಳಮಳವನ್ನೂ ರೋಗವೆಂದು ಬಗೆಯುವ ರೂಢಿಯಿದೆ. ಆರಂಭದ ಪ್ರಶ್ನೆಗೆ ಸಮತೋಲನದ ಉತ್ತರ ಕೊಟ್ಟವರು ಧರ್ಮಚಿಂತಕ ಪಾಲ್ ಟಿಲಿಕ್. 1952ರ ‘ಇರುವ ಧೈರ್ಯ’ ಕೃತಿಯಲ್ಲಿ ಅವರು ಮೂರು ಬಗೆಯ ಮೂಲಭೂತ ತಳಮಳಗಳನ್ನು ಹೆಸರಿಸಿದರು: ವಿಧಿ ಮತ್ತು ಸಾವಿನದು, ಶೂನ್ಯತೆ ಮತ್ತು ಅರ್ಥಹೀನತೆಯದು, ಅಪರಾಧ ಮತ್ತು ದಂಡನೆಯದು. ಇವು ಇರವಿಗೆ ಅಂಟಿಕೊಂಡವು, ಯಾವ ಚಿಕಿತ್ಸೆಯಿಂದಲೂ ಹೋಗುವಂಥವಲ್ಲ. ಧೈರ್ಯದೊಳಕ್ಕೆ ಸೇರಿಸಿಕೊಂಡು ಬಾಳಬೇಕಾದವು. ಹಾಗೆ ಸೇರಿಸಿಕೊಳ್ಳಲಾಗದೆ ಮನಸ್ಸು ಕುಗ್ಗಿದಾಗ ಉಂಟಾಗುವುದು ರೋಗದ ತಳಮಳ, ಅದು ವೈದ್ಯರ ಕ್ಷೇತ್ರ. ಈ ಎರಡನ್ನೂ ಬೆರೆಸಬಾರದು. ರೋಗವನ್ನು ಅಧ್ಯಾತ್ಮವೆಂದು ಹೊಗಳಿದರೆ ನರಳುವವರಿಗೆ ಅನ್ಯಾಯ. ಸ್ವಾತಂತ್ರ್ಯದ ನಡುಕವನ್ನು ರೋಗವೆಂದು ಅಳಿಸಹೊರಟರೆ ಸ್ವಾತಂತ್ರ್ಯಕ್ಕೇ ಅನ್ಯಾಯ.