ಸೂಕ್ಷ್ಮಕಣಗಳ ಅಳತೆಯೂ ನಮ್ಮ ಅರಿವೂ

ಒಂದು ವಸ್ತುವನ್ನು ಪೂರ್ಣವಾಗಿ ಅಳೆಯಲಾಗದಿದ್ದರೆ ಅದು ಅಳತೆಗೋಲಿನ ದೋಷವೋ, ಅಥವಾ ವಸ್ತುವಿನ ಸ್ವಭಾವವೇ ಅಂಥದೋ? ಭೌತವಿಜ್ಞಾನಿಗಳನ್ನು ದೀರ್ಘಕಾಲ ಕಾಡಿದ ಪ್ರಶ್ನೆಯಿದು.

ಎಲೆಕ್ಟ್ರಾನಿನ ಸ್ಥಾನವನ್ನು ನಿಷ್ಕೃಷ್ಟವಾಗಿ ನಿರ್ಣಯಿಸಿದಷ್ಟೂ ಅದರ ಸಂವೇಗವು ಅನಿಶ್ಚಿತವಾಗುತ್ತದೆಂದು ಜರ್ಮನಿಯ ವರ್ನರ್ ಹೈಸೆನ್‌ಬರ್ಗರು 1927ರಲ್ಲಿ ತೋರಿಸಿದರು. ಅದನ್ನು ಪರಮಾಣುವಿನಷ್ಟು ಎಡೆಯಲ್ಲಿ, ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗದಲ್ಲಿ ಗುರುತಿಸಿದರೆ, ವೇಗದಲ್ಲಿ ಸೆಕೆಂಡಿಗೆ ಸುಮಾರು 580 ಕಿಲೋಮೀಟರಿನಷ್ಟಾದರೂ ಅನಿಶ್ಚಿತತೆಯು ಉಳಿದೇ ಉಳಿಯುತ್ತದೆ.

ನೋಡಲೆಂದು ಬಿಟ್ಟ ಬೆಳಕು ತಾಗಿ ಕಣವು ಕದಲುವುದೇ ಇದಕ್ಕೆ ಕಾರಣವೆಂದು ಮೊದಲು ವಿವರಿಸಲಾಯಿತು. ಆದರೆ ಅಷ್ಟೇ ಅಲ್ಲ. ಕಣಕ್ಕೆ ಅಲೆಯ ಸ್ವಭಾವವೂ ಇರುವುದರಿಂದ ಈ ಎಲ್ಲೆಯು ಎಂಥ ಉಪಕರಣದಿಂದಲೂ ನೀಗದು. ಐನ್‌ಸ್ಟೈನರಿಗೆ ಇದು ಸಮಾಧಾನ ಕೊಡಲಿಲ್ಲ; ಈ ಸಿದ್ಧಾಂತವು ಅಪೂರ್ಣವೆಂದು 1935ರಲ್ಲಿ ವಾದಿಸಿದರು. 1964ರಲ್ಲಿ ಜಾನ್ ಬೆಲ್ಲರು ಈ ವಿವಾದವನ್ನು ಪ್ರಯೋಗದ ಒರೆಗಲ್ಲಿಗೆ ತರುವ ದಾರಿ ತೋರಿದರು. ಅನಂತರದ ಪ್ರಯೋಗಗಳು ಐನ್‌ಸ್ಟೈನರು ಬಯಸಿದ ಬಗೆಯ ಸಮಾಧಾನಕ್ಕೆ ಎಡೆಗೊಡಲಿಲ್ಲ. ಅವನ್ನು ನಡೆಸಿದ ಮೂವರಿಗೆ 2022ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಹಾಗಾದರೆ ವಿಜ್ಞಾನವೇ ಎಲ್ಲವೂ ಅನಿಶ್ಚಿತವೆಂದಿದೆ, ಸತ್ಯವೆಂಬುದು ಅವರವರ ಎಣಿಕೆಯಂತೆ ಎನ್ನುವವರುಂಟು. ಈ ಮಾತು ಸರ್ವಥಾ ಸಲ್ಲದು. ಎಲೆಕ್ಟ್ರಾನಿನ ದ್ರವ್ಯರಾಶಿಯು ಅತ್ಯಂತ ನಿಖರವಾಗಿ ತಿಳಿದಿದೆ. ಅನಿಶ್ಚಿತತೆಯ ಮೇರೆಯನ್ನೂ ಗಣಿತವು ಖಚಿತವಾಗಿಯೇ ಹೇಳುತ್ತದೆ. ಎಲ್ಲವನ್ನೂ ಏಕಕಾಲಕ್ಕೆ ಅರಿಯಲಾಗದೆಂಬುದು ಬೇರೆ. ಏನನ್ನೂ ಅರಿಯಲಾಗದೆಂಬುದು ಬೇರೆ. ಎರಡನೆಯದನ್ನು ಒಪ್ಪಿದವನು ತನ್ನ ಸುಳ್ಳಿಗೂ ಉತ್ತರ ಕೊಡಬೇಕಾಗಿಲ್ಲ. ಮೊದಲನೆಯದನ್ನು ಒಪ್ಪಿದವನಾದರೋ, ತಾನು ಬಲ್ಲದ್ದೆಷ್ಟು, ಅರಿಯದ್ದೆಷ್ಟು ಎಂಬುದನ್ನು ಪ್ರತಿಸಲವೂ ಅಳೆದು ಹೇಳಬೇಕಾಗುತ್ತದೆ.